ಹಳದಿ ಫ್ರಾಕಿಗೆ ಕತ್ತರಿ ಹಾಕುವ ಮುನ್ನ

ಪ್ರಶ್ನೆ: ಕೊಡಗಿನ ನಾಪೋಕ್ಲು ಸಮೀಪದ ಹಳ್ಳಿಯಲ್ಲಿ ನಮ್ಮ ಮನೆ. ಕಾಫಿ ತೋಟವಿದೆ, ಜೊತೆಗೆ ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಕಳೆದ ವರ್ಷ ಅಕ್ಕ-ತಮ್ಮ ಇಬ್ಬರನ್ನು ದತ್ತು ತೆಗೆದುಕೊಂಡೆವು. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ದತ್ತು ಕೇಂದ್ರದಿಂದ ಬರುವಾಗ ತಂದ ಹಳದಿ ಫ್ರಾಕನ್ನು ಮಗಳು ಬಿಡುತ್ತಿಲ್ಲ. ಈಗ ಅದು ಅವಳಿಗೆ ಆಗುವುದೇ ಇಲ್ಲ, ಆದರೂ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾಳೆ. ಒಮ್ಮೆ ನಾನು ತೊಳೆದು ಹಾಕಿದ್ದಕ್ಕೆ ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ನಾನು ಹೊಲಿದ ಹೊಸ ಬಟ್ಟೆಗಳನ್ನು ಹಾಕಿಕೊಳ್ಳುವುದಿಲ್ಲ, ಅಳತೆ ಟೇಪು ಹಿಡಿದರೆ ಓಡಿಹೋಗುತ್ತಾಳೆ. ಅವಳ ಹುಟ್ಟುಹಬ್ಬಕ್ಕೆ ಆ ಫ್ರಾಕನ್ನು ಚೌಕ ಚೌಕವಾಗಿ ಕತ್ತರಿಸಿ, ನನ್ನ ಸೀರೆಯ ತುಂಡುಗಳೊಡನೆ ಸೇರಿಸಿ ಕೌದಿ ಹೊಲಿದು, ಮುಂಚೆ ಹೇಳದೆ ಕೊಡಬೇಕೆಂದಿದ್ದೇನೆ. ನಮ್ಮ ಅತ್ತೆ ‘ಹಳೆಯದನ್ನು ಎಸೆದುಬಿಡು, ತಾನೇ ಮರೆಯುತ್ತಾಳೆ’ ಎನ್ನುತ್ತಾರೆ. ಪುತ್ತರಿ ಸುಗ್ಗಿ ಹಬ್ಬಕ್ಕೆ ಮಗನಿಗೆ ಕೊಡವ ಗಂಡಸರ ನಿಲುವಂಗಿಯಾದ ಕುಪ್ಯ ಹೊಲಿದು, ಮಗಳಿಗೆ ಕೊಡಗು ಶೈಲಿಯಲ್ಲಿ ಸೀರೆ ಉಡಿಸುವ ಆಸೆಯೂ ಇದೆ. ಆದರೆ ನೆಂಟರೊಬ್ಬರು ‘ಯಾವ ಒಕ್ಕದ (ಮನೆತನದ) ಮಕ್ಕಳೆಂದು ಉಡಿಸುತ್ತೀರಿ?’ ಎಂದು ಕೇಳಿಬಿಟ್ಟರು. ಏನು ಮಾಡಲಿ?

ಉತ್ತರ: ಮೊದಲು ಕತ್ತರಿಯನ್ನು ಕೆಳಗಿಡಿ. ಉಳಿದದ್ದನ್ನು ನಿಧಾನವಾಗಿ ಮಾತನಾಡೋಣ.

ನಿಮ್ಮ ಸೀರೆ, ಅವಳ ಫ್ರಾಕು ಎರಡೂ ಒಂದೇ ಹೊದಿಕೆಯಲ್ಲಿ ಸೇರಲಿ ಎಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅದು ನಿಮ್ಮ ಆಸೆ. ಹುಟ್ಟುಹಬ್ಬದ ಬೆಳಿಗ್ಗೆ ಅವಳ ಕಣ್ಣಿಗೆ ಬೀಳುವುದು ಕೌದಿಯಲ್ಲ, ತುಂಡಾದ ಫ್ರಾಕು. ಅದೂ ಹೇಳದೆ ಕೇಳದೆ ತುಂಡಾದದ್ದು. ಅವಳ ಈವರೆಗಿನ ಬದುಕಿನ ದೊಡ್ಡ ತಿರುವುಗಳೆಲ್ಲ ಹೇಳದೆ ಕೇಳದೆಯೇ ಬಂದಿವೆ. ಒಂದು ದಿನ ಇದ್ದ ಮನೆ ಇಲ್ಲವಾಯಿತು, ಇನ್ನೊಂದು ದಿನ ಕೇಂದ್ರ, ಮತ್ತೊಂದು ದಿನ ಗುರುತಿಲ್ಲದ ಊರಿನ ನಿಮ್ಮ ಮನೆ. ಇಂಥ ಮಗುವಿಗೆ ದಿಢೀರನೆ ಎದುರಾಗುವ ಯಾವುದೂ, ಉಡುಗೊರೆಯೇ ಆಗಿರಲಿ, ಹಿತವಾಗಿರುವುದಿಲ್ಲ. ದತ್ತು ಆದೇಶ ಹೊರಡಿಸುವ ಮುನ್ನ ಮಗುವಿನ ವಯಸ್ಸು, ತಿಳಿವಳಿಕೆಗೆ ತಕ್ಕಂತೆ ಅದರ ಇಚ್ಛೆಯನ್ನೂ ಪರಿಗಣಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ತಾಯಿತಂದೆಯರನ್ನು ಒಪ್ಪುವ ವಿಷಯದಲ್ಲಿ ಅವಳ ಮಾತಿಗೆ ಬೆಲೆಯಿದ್ದರೆ, ಅವಳ ಫ್ರಾಕಿನ ವಿಷಯದಲ್ಲೂ ಇರಬೇಕಲ್ಲವೇ?

ನೀವು ಅದನ್ನು ತೊಳೆದಾಗ ಅವಳು ಮುನಿದ ಕಾರಣವನ್ನು ನೋಡೋಣ. ಬ್ರಿಟನ್ನಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1950ರ ದಶಕದಲ್ಲಿ ಮಕ್ಕಳು ಕೈಬಿಡದ ಕಂಬಳಿ ಚೂರು, ಬಟ್ಟೆ ತುಂಡು, ಗೊಂಬೆಗಳ ಬಗ್ಗೆ ವಿವರವಾಗಿ ಬರೆದರು. ಅದು ಕೊಳೆಯಾದರೂ, ವಾಸನೆ ಹೊಡೆದರೂ ಅನೇಕ ತಾಯಂದಿರು ತೊಳೆಯದೆ ಬಿಡುತ್ತಾರೆ, ತೊಳೆದರೆ ಮಗುವಿನ ಅನುಭವದ ಎಳೆ ಕಡಿದುಹೋಗುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ ಎಂಬುದು ವಿನಿಕಾಟರ ಗಮನಕ್ಕೆ ಬಂದಿತ್ತು. ಆ ವಸ್ತು ಬದಲಾಗಬಾರದು, ಬದಲಾಗುವುದಿದ್ದರೆ ಮಗುವೇ ಬದಲಾಯಿಸಬೇಕು ಎಂದೂ ಹೇಳಿದರು. ಅವರು ಬರೆದದ್ದು ಎಳೆಗೂಸುಗಳ ಬಗ್ಗೆ, ಏಳು ವರ್ಷದ ಹುಡುಗಿಗೆ ಇದು ಅತಿಯಾಯಿತು ಎಂದು ನಿಮ್ಮ ಅತ್ತೆ ಹೇಳಬಹುದು. ಆದರೆ ಎಳೆವಯಸ್ಸಿನಲ್ಲಿ ಒಂದೇ ಮಡಿಲು ಸಿಗದ ಮಕ್ಕಳಲ್ಲಿ ಈ ಹಂತ ತಡವಾಗಿಯೂ ಬರಬಹುದು. ಒಂದು ವಸ್ತುವಿಗೆ ಅಂಟಿಕೊಳ್ಳಬಲ್ಲ ಮಗು ಜನರಿಗೂ ಅಂಟಿಕೊಳ್ಳಬಲ್ಲುದು. ನನಗೆ ಆತಂಕವಾಗುವುದು ಯಾವುದನ್ನೂ ಹಿಡಿದುಕೊಳ್ಳದ, ಯಾರು ಕರೆದರೂ ಹೋಗಿಬಿಡುವ ಮಗುವನ್ನು ಕಂಡಾಗ.

ಬಟ್ಟೆಯ ತುಂಡಿಗೂ ಮಗುವಿನ ಗುರುತಿಗೂ ಇರುವ ನಂಟು ಹಳೆಯದು. ಲಂಡನ್ನಿನಲ್ಲಿ 1741ರಿಂದ ಮಕ್ಕಳನ್ನು ಸೇರಿಸಿಕೊಳ್ಳತೊಡಗಿದ ಫೌಂಡ್ಲಿಂಗ್ ಆಸ್ಪತ್ರೆ ಎಂಬ ಅನಾಥಾಲಯವಿತ್ತು. ಸಾಕಲಾರದ ತಾಯಂದಿರು ಕೂಸನ್ನು ಒಪ್ಪಿಸಿದಾಗ, ಮುಂದೆ ಗುರುತು ಹಿಡಿಯಲೆಂದು ಒಂದು ಚೂರು ಬಟ್ಟೆಯನ್ನು ಕಡತಕ್ಕೆ ಗುಂಡುಸೂಜಿಯಿಂದ ಚುಚ್ಚಿ ಇಡುತ್ತಿದ್ದರು. ಅಂಥ ಸಾವಿರಾರು ಚೂರುಗಳು ಇಂದಿಗೂ ಉಳಿದಿವೆ. 18ನೇ ಶತಮಾನದ ಬ್ರಿಟನ್ನಿನ ಸಾಮಾನ್ಯ ಜನರು ಉಡುತ್ತಿದ್ದ ಬಟ್ಟೆಗಳ ಅತಿ ದೊಡ್ಡ ಸಂಗ್ರಹ ಈಗ ಅದೇ. 1767ರಲ್ಲಿ ಒಬ್ಬ ತಾಯಿ ತುಂಡುಬಟ್ಟೆಗಳನ್ನು ಕೂಡಿಸಿ ಹೊಲಿದ ಒಂದು ಪಟ್ಟಿಯನ್ನು ಎರಡು ಮಾಡಿ, ಅರ್ಧವನ್ನು ಮಗನ ಜೊತೆ ಬಿಟ್ಟು, ಇನ್ನರ್ಧವನ್ನು ತನ್ನಲ್ಲಿಟ್ಟುಕೊಂಡಳು. 1775ರಲ್ಲಿ ಅವಳು ಆ ಮಗನನ್ನು ಮರಳಿ ಪಡೆದಳು. ಉಳಿದ ತಾಯಂದಿರಲ್ಲಿ ಬಹುಪಾಲು ಬರಲಿಲ್ಲ, ಚೂರುಗಳು ಮಾತ್ರ ಕಡತದಲ್ಲಿ ಉಳಿದವು. ಎಸೆದರೆ ಮರೆಯುತ್ತಾಳೆ ಎನ್ನುವ ಅತ್ತೆಯವರಿಗೆ ಇದನ್ನು ಹೇಳಿ. ನಿಮ್ಮ ಮಗಳಿಗೆ ಹದಿನೆಂಟು ತುಂಬಿದ ಮೇಲೆ ತನ್ನ ಮೂಲವನ್ನು ತಿಳಿಯಲು ಅವಳೇ ಅರ್ಜಿ ಹಾಕಬಹುದು, ಅದಕ್ಕೆ ಮುಂಚೆ ನಿಮ್ಮೊಡನೆ ಸೇರಿ. ದತ್ತು ನಿಯಮಾವಳಿಯಲ್ಲಿ ಅದಕ್ಕೆ ಅವಕಾಶವಿದೆ. ಅಂದು ಅವಳ ಕೈಗೆ ಕಾಗದಗಳಷ್ಟೇ ಸಿಗುತ್ತವೆ. ಫ್ರಾಕು ಅವಳ ಬಳಿ ಈಗಲೇ ಇದೆ.

ಹಾಗಾದರೆ ಕೌದಿ ಬೇಡವೇ? ಬೇಕು, ಅವಳು ಒಪ್ಪಿದರೆ. ಕತ್ತರಿಯಿಲ್ಲದೆ ಆಗುವ ಕೆಲಸ ಅದು. ಉತ್ತರ ಕರ್ನಾಟಕದ ಕೌದಿಯಲ್ಲಾಗಲಿ, ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯಲ್ಲಾಗಲಿ ಹಳೆಯ ಬಟ್ಟೆಯನ್ನು ಒಂದರ ಮೇಲೊಂದು ಹರಡಿ ಕೈಹೊಲಿಗೆಯಲ್ಲಿ ಸಾಲು ಸಾಲಾಗಿ ಕೂಡಿಸುತ್ತಾರೆ. ನೀವೂ ಹಾಗೆಯೇ ಮಾಡಬಹುದು. ತಳಕ್ಕೆ ನಿಮ್ಮ ಹತ್ತಿ ಸೀರೆ, ನಡುವೆ ಹಳೆಯ ಪಂಚೆ, ಮೇಲೆ ಫ್ರಾಕನ್ನು ಇದ್ದ ಹಾಗೆಯೇ, ತೋಳು, ಕಾಲರು, ಗುಂಡಿ ಸಮೇತ ಚಪ್ಪಟೆಯಾಗಿ ಹರಡಿ. ಫ್ರಾಕಿನ ಸುತ್ತ ಅಂಚಿನಲ್ಲಿ ಮಾತ್ರ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಯಂತ್ರದಲ್ಲಿ ಓಡಿಸಬೇಡಿ. ಯಂತ್ರದ ಹೊಲಿಗೆ ಬಿಚ್ಚಿದರೆ ಹಳೆಯ ಬಟ್ಟೆ ಹರಿಯುತ್ತದೆ, ಕಚ್ಚಾ ಹೊಲಿಗೆಯ ದಾರವನ್ನು ಎಳೆದರೆ ಫ್ರಾಕು ಇದ್ದಂತೆಯೇ ಕೈಗೆ ಬರುತ್ತದೆ. ಇದನ್ನು ಅವಳಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಬೇರೊಂದು ಹಳೆಯ ಬಟ್ಟೆಯನ್ನು ಹೊಲಿದು, ದಾರದ ತುದಿಯನ್ನು ಅವಳ ಕೈಗೇ ಕೊಟ್ಟು ಬಿಚ್ಚಿಸಿ ತೋರಿಸಿ. ನಾಲ್ಕು ಸಲ ಬಿಚ್ಚಿಸಿಕೊಂಡು ನೋಡಿದರೆ ನೋಡಲಿ. ಎಲ್ಲ ಕಂಡ ಮೇಲೂ ಬೇಡವೆಂದರೆ ಬೇಡ. ಮರುವರ್ಷ ಕೇಳಬಹುದು, ಮರುವಾರ ಕೇಳಬೇಡಿ.

ಕೌದಿ ಆಗದಿದ್ದರೆ ಫ್ರಾಕನ್ನು ಉಳಿಸಿಕೊಳ್ಳುವುದೇ ಕೆಲಸ, ಕೊಡಗಿನ ಮಳೆಯಲ್ಲಿ ಅದು ಸುಲಭವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೆ ಬೂಷ್ಟು ಹಿಡಿಯುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗಿನ ತೇವ ಒಳಗೇ ಉಳಿಯುತ್ತದೆ. ಹಗುರವಾದ ಹತ್ತಿಯ ಚೀಲವೊಂದನ್ನು ಹೊಲಿದುಕೊಡಿ, ದಿಂಬಿನ ಕೆಳಗೇ ಇರಲಿ. ನುಸಿಗುಳಿಗೆ ಬೇಡ, ವಾಸನೆ ಬದಲಾಗುತ್ತದೆ. ಅವಳು ಹಿಡಿದುಕೊಂಡಿರುವುದರಲ್ಲಿ ಆ ವಾಸನೆಯ ಪಾಲು ಹೆಚ್ಚು. ತೊಳೆಯಲೇಬೇಕಾದರೆ ಮಳೆ ಬಿಟ್ಟ ಮೇಲೆ, ಬಿಸಿಲಿರುವ ದಿನ, ಅವಳನ್ನು ಕೇಳಿ, ಅವಳೆದುರಿಗೇ. ಕಾಫಿ ಒಣಗಿಸುವ ಕಣದ ಹತ್ತಿರ ಹಗ್ಗ ಕಟ್ಟಿದರೆ ಸಂಜೆಯೊಳಗೆ ಒಣಗುತ್ತದೆ, ರಾತ್ರಿಗೆ ಅವಳ ಕೈ ಸೇರುತ್ತದೆ. ನೀವು ತೊಳೆದದ್ದು ಮಳೆಗಾಲದಲ್ಲಾಗಿದ್ದರೆ ಅದು ಎರಡು ದಿನ ಒಣಗಿರಲಾರದು. ಎರಡು ದಿನದ ಮುನಿಸಿಗೆ ಅದೇ ಕಾರಣವಿದ್ದರೂ ಇರಬಹುದು.

ಇನ್ನು ಹೊಸ ಬಟ್ಟೆ. ನಿಮ್ಮ ಹೊಲಿಗೆಯನ್ನು ಅವಳು ನಿರಾಕರಿಸುತ್ತಿದ್ದಾಳೆ ಎಂದು ನೀವು ನೊಂದುಕೊಂಡಂತಿದೆ. ಕೇಂದ್ರಗಳಲ್ಲಿ ಹೊಸ ಬಟ್ಟೆ ಹೊರಬರುವುದು ಯಾವಾಗ ಎಂದು ಒಮ್ಮೆ ಯೋಚಿಸಿ. ಯಾರೋ ನೋಡಲು ಬರುವ ದಿನ, ಅಥವಾ ಒಂದು ಮಗು ಹೊರಟುಹೋಗುವ ದಿನ. ತಲೆ ಬಾಚಿ, ಹೊಸ ಅಂಗಿ ತೊಡಿಸಿದರೆಂದರೆ ಏನೋ ಬದಲಾಗಲಿದೆ ಎಂದರ್ಥ. ದತ್ತಿನ ನಂತರ ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಮನೆಗೆ ಭೇಟಿ ಕೊಡುತ್ತಾರಲ್ಲ, ಆ ದಿನಗಳಲ್ಲಿ ಮಕ್ಕಳಿಗೆ ದಯವಿಟ್ಟು ಹೊಸದು ತೊಡಿಸಿ ಸಿಂಗರಿಸಬೇಡಿ. ಅನೇಕ ಮನೆಗಳಲ್ಲಿ ಭೇಟಿಯ ಹಿಂದಿನ ರಾತ್ರಿಯೇ ಮಕ್ಕಳು ಹಾಸಿಗೆ ಒದ್ದೆ ಮಾಡುವುದನ್ನು ಕಂಡಿದ್ದೇನೆ. ದಿನವೂ ಹಾಕುವ ಬಟ್ಟೆಯಲ್ಲೇ ಇರಲಿ, ಅವರು ಬಂದು, ಕಾಫಿ ಕುಡಿದು, ಹೊರಟುಹೋಗುತ್ತಾರೆ, ನೀವಿಬ್ಬರೂ ಇಲ್ಲೇ ಇರುತ್ತೀರಿ ಎಂದು ಮೊದಲೇ ತಿಳಿಸಿ.

ಹೊಸ ಬಟ್ಟೆಯ ಹೊಸತನವನ್ನೇ ಸ್ವಲ್ಪ ಕಳೆದುಬಿಡಿ. ಪಾಪ್ಲಿನ್, ಮಲ್ ಮುಂತಾದ ಮೆತ್ತಗಿನ ಹತ್ತಿಯನ್ನು ಆರಿಸಿ, ಹೊಲಿಯುವ ಮುನ್ನ ಮೂರು ಸಲ ಒಗೆದು ಗಂಜಿ ಬಿಡಿಸಿ. ನಿಮ್ಮದೇ ಹಳೆಯ ಹತ್ತಿ ಸೀರೆಯಿಂದ ಮನೆಯಂಗಿ ಹೊಲಿದರೆ ಇನ್ನೂ ಒಳ್ಳೆಯದು, ನಿಮ್ಮ ವಾಸನೆಯೂ ಅವಳಿಗೆ ಪರಿಚಯವಾಗಬೇಕಲ್ಲ. ಕುತ್ತಿಗೆಯ ಹಿಂದೆ ಚುಚ್ಚುವ ಲೇಬಲ್ಲು, ಒರಟು ಲೇಸು, ಕಂಕುಳಲ್ಲಿ ದಪ್ಪ ಹೊಲಿಗೆ ಬೇಡ. ಮೈಮೇಲಿನ ಸಣ್ಣ ಕಿರಿಕಿರಿಯೂ ಈ ಮಕ್ಕಳಿಗೆ ದೊಡ್ಡದಾಗಿ ಕಾಣುವುದುಂಟು. ಬಟ್ಟೆ ಆರಿಸುವಾಗ ಎರಡೇ ಎರಡು ತುಂಡುಗಳನ್ನು ಮುಂದಿಡಿ. ಇಡೀ ಅಂಗಡಿ ತೋರಿಸಿ ‘ಯಾವುದು ಬೇಕು’ ಎಂದರೆ ಅವಳು ಗಾಬರಿಯಾಗುತ್ತಾಳೆ, ಇಲ್ಲವೇ ನಿಮ್ಮ ಮುಖ ನೋಡಿ ನಿಮಗೆ ಇಷ್ಟವಾದುದನ್ನು ಹೇಳುತ್ತಾಳೆ. ಅಕ್ಕ ತಮ್ಮನಿಗೆ ಒಂದೇ ಥಾನಿನ ಬಟ್ಟೆ ಹೊಲಿಯುವ ಚಟ ನಮ್ಮ ಮನೆಗಳಲ್ಲಿ ಬಹಳ. ನೋಡುವವರಿಗೆ ಚೆಂದ ಕಾಣಬಹುದು, ಸಾಮೂಹಿಕವಾಗಿ ಬಟ್ಟೆ ಪಡೆದು ಬೆಳೆದ ಮಕ್ಕಳಿಗೆ ತನ್ನದೇ ಎನ್ನುವ ಒಂದು ಅಂಗಿ ಅದಕ್ಕಿಂತ ಮುಖ್ಯ.

ಟೇಪಿನ ವಿಷಯಕ್ಕೆ ನಿಮ್ಮ ಕಸುಬಿನಲ್ಲೇ ಪರಿಹಾರವಿದೆ. ಗಿರಾಕಿಗಳಿಂದ ಅಳತೆ ರವಿಕೆ ಕೇಳುತ್ತೀರಲ್ಲ, ಮಗಳಿಗೂ ಅಳತೆ ಬಟ್ಟೆಯನ್ನೇ ಇಟ್ಟುಕೊಳ್ಳಿ. ಈಗ ಸರಿಯಾಗಿ ಆಗುತ್ತಿರುವ ಒಂದು ಅಂಗಿಯನ್ನು ಮೇಜಿನ ಮೇಲೆ ಹರಡಿ ಎದೆಯಗಲ, ಭುಜ, ಉದ್ದ ತೆಗೆದುಕೊಳ್ಳಿ. ಮೈ ಮುಟ್ಟುವ ಅಗತ್ಯವೇ ಇಲ್ಲ. ಎತ್ತರ, ತೂಕ, ತೋಳಿನ ಸುತ್ತಳತೆ ಎಂದು ಪದೇ ಪದೇ ಅಳೆಸಿಕೊಂಡ ಮಗುವಿಗೆ ಟೇಪು ಎಂದರೆ ತಪಾಸಣೆ, ಅಳೆಯುವವರು ಎಂದರೆ ಬರೆದುಕೊಂಡು ಹೋಗಿಬಿಡುವವರು. ಆ ಟೇಪನ್ನು ಅವಳ ಕೈಗೆ ಕೊಟ್ಟುಬಿಡಿ. ನಿಮ್ಮ ಸೊಂಟ ಅಳೆಯಲಿ, ಅಪ್ಪನ ಹೊಟ್ಟೆ ಅಳೆಯಲಿ, ನಾಯಿಯ ಬಾಲ ಅಳೆಯಲಿ, ಅಂಕಿಗಳನ್ನು ನಿಮ್ಮ ಗಿರಾಕಿ ಪುಸ್ತಕದಲ್ಲೇ ಬರೆಯಲಿ. ಅಪ್ಪನ ಹೊಟ್ಟೆಯ ಅಂಕಿಯನ್ನು ಓದಿ ಎಲ್ಲರೂ ನಕ್ಕ ಮೇಲೆ ಟೇಪಿನ ಮೇಲಿನ ಭಯ ಸಾಕಷ್ಟು ಇಳಿದಿರುತ್ತದೆ.

ಆದರೆ ಒಂದು ಎಚ್ಚರಿಕೆ. ಟೇಪಷ್ಟೇ ಅಲ್ಲ, ಸ್ನಾನ ಮಾಡಿಸಲು, ಬಟ್ಟೆ ಬದಲಿಸಲು, ತಬ್ಬಿಕೊಳ್ಳಲು ಹೋದಾಗಲೂ ಅವಳು ಬೆಚ್ಚಿಬಿದ್ದರೆ, ಅಥವಾ ವಯಸ್ಸಿಗೆ ಮೀರಿದ ಮಾತು ನಡವಳಿಕೆ ಕಂಡರೆ ಅದನ್ನು ಹಟವೆಂದು ತಳ್ಳಿಹಾಕಬೇಡಿ. ಹಿಂದೆ ಅವಳ ಮೇಲೆ ಏನಾದರೂ ನಡೆದಿದ್ದಿರಬಹುದು. ಅವಳನ್ನು ಕೆದಕಿ ಪ್ರಶ್ನಿಸದೆ, ದತ್ತು ಕೊಟ್ಟ ಕೇಂದ್ರವನ್ನೋ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನೋ ಸಂಪರ್ಕಿಸಿ ಆಪ್ತಸಮಾಲೋಚನೆ ಕೇಳಿ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಎರಡೂ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗವಿದೆ.

ಹೊಲಿಯುವಾಗ ಮಾರ್ಜಿನ್ ಧಾರಾಳವಾಗಿ ಬಿಡಿ. ಹೊಸ ಮನೆಗೆ ಬಂದ ಮಕ್ಕಳು ಮೊದಲ ಒಂದೆರಡು ವರ್ಷ ನೋಡನೋಡುತ್ತಲೇ ಬೆಳೆಯುತ್ತಾರೆ, ಹಿಂದೆ ಉಳಿದಿದ್ದ ಬೆಳವಣಿಗೆಯನ್ನು ಮೈ ತುಂಬಿಕೊಳ್ಳುತ್ತದೆ. ಮಗ್ಗುಲಲ್ಲಿ ಒಂದಿಂಚು, ಕೆಳಗೆ ಮೂರಿಂಚು ಮಡಿಕೆ, ಅದರ ಮೇಲೆ ಎರಡು ಟಕ್ಸ್. ಒಂದೊಂದೇ ಬಿಚ್ಚುತ್ತ ಬಂದರೆ ಅದೇ ಅಂಗಿ ಎರಡು ವರ್ಷ ಬರುತ್ತದೆ. ಇದು ದುಡ್ಡಿನ ಉಳಿತಾಯಕ್ಕಿಂತ ಹೆಚ್ಚಾಗಿ, ಒಗ್ಗಿಹೋದ ಅಂಗಿ ಕೈತಪ್ಪಬಾರದೆಂದು.

ಮಗಳನ್ನು ಹೊಲಿಗೆಗೆ ಕೂರಿಸಿಕೊಳ್ಳಿ ಎಂದು ಹೇಳಲು ನನಗೆ ಇನ್ನೊಂದು ಕಾರಣವಿದೆ. ಎದುರು ಕೂರಿಸಿ, ಕಣ್ಣಲ್ಲಿ ಕಣ್ಣಿಟ್ಟು ‘ನಿನಗೆ ಏನು ನೆನಪಿದೆ, ಹೇಳು’ ಎಂದರೆ ಯಾವ ಮಗುವೂ ಬಾಯಿ ಬಿಡುವುದಿಲ್ಲ. ಕೈಗೆ ಕೆಲಸವಿದ್ದು, ಕಣ್ಣು ಬಟ್ಟೆಯ ಮೇಲಿದ್ದರೆ ಮಾತು ತಾನಾಗಿ ಬರುತ್ತದೆ. ಗೋಣಿಚೀಲ ನಿಮ್ಮಲ್ಲಿ ಬೇಕಾದಷ್ಟಿರುತ್ತದೆ. ಅದರ ಒಂದು ತುಂಡು, ಮೊಂಡು ತುದಿಯ ದಪ್ಪ ಸೂಜಿ, ಉಲ್ಲನ್ ದಾರ ಇಷ್ಟು ಸಾಕು. ಗೋಣಿಯ ನೇಯ್ಗೆ ಅಗಲವಾದ್ದರಿಂದ ಹೊಲಿಗೆ ನೆಟ್ಟಗೆ ಬರುತ್ತದೆ. ತಮ್ಮನ ಅಂಗಿಗೆ ಗುಂಡಿ ಹಚ್ಚುವ ಕೆಲಸವನ್ನು ಅವಳಿಗೇ ಬಿಡಿ. ಇಷ್ಟು ದಿನ ಅವನಿಗೆ ತಾಯಿಯಂತಿದ್ದವಳು ಅವಳೇ, ಆ ಅಧಿಕಾರವನ್ನು ಒಮ್ಮೆಗೇ ಕಿತ್ತುಕೊಂಡರೆ ನಿಮ್ಮನ್ನು ಪ್ರತಿಸ್ಪರ್ಧಿಯಂತೆ ಕಾಣುತ್ತಾಳೆ. ಅವಳು ಏನಾದರೂ ಹೇಳಿದಾಗ ಹೊಲಿಗೆ ನಿಲ್ಲಿಸಬೇಡಿ, ಅಯ್ಯೋ ಎನ್ನಬೇಡಿ, ಹೂಂ ಎಂದು ಕೇಳಿಸಿಕೊಳ್ಳಿ. ರಾತ್ರಿ ಬರೆದಿಡಿ. ಮಗನಿಗೆ ಮುಂದೆ ಹೆಚ್ಚೇನೂ ನೆನಪಿರುವುದಿಲ್ಲ, ಅವನ ಬಾಲ್ಯದ ಏಕೈಕ ಸಾಕ್ಷಿ ಈ ಅಕ್ಕ. ಅವರ ಹೆತ್ತ ತಾಯಿಯ ಬಗ್ಗೆ ನಿಮಗೆ ತಿಳಿಯದದ್ದನ್ನು ಕಥೆ ಕಟ್ಟಿ ತುಂಬಬೇಡಿ. ‘ಅದು ನನಗೆ ಗೊತ್ತಿಲ್ಲ ಮಗಳೇ’ ಎಂದರೆ ಸಾಕು. ದತ್ತು ಎಂದರೆ ಯಾರೋ ತನ್ನನ್ನು ಬಿಟ್ಟುಕೊಟ್ಟಿದ್ದಾರೆ ಎಂಬ ಇನ್ನೊಂದು ಮುಖ ಸಾಮಾನ್ಯವಾಗಿ ಎಂಟು ಹತ್ತರ ವಯಸ್ಸಿನಲ್ಲಿ ಮಕ್ಕಳಿಗೆ ಹೊಳೆಯುತ್ತದೆ. ಆಗ ಸಿಟ್ಟು, ಅಳು ಮತ್ತೆ ಬಂದರೆ ಗಾಬರಿಯಾಗಬೇಡಿ.

ನಾಲ್ಕು ವರ್ಷದವನಿರುವ ಮನೆಯಲ್ಲಿ ಕಾಲುಯಂತ್ರದ ಬೆಲ್ಟನ್ನು ಕೆಲಸ ಮುಗಿದೊಡನೆ ಚಕ್ರದಿಂದ ಇಳಿಸಿಡುವುದನ್ನು ಮರೆಯಬೇಡಿ, ಕತ್ತರಿಗೆ ಬೀಗವಿರಲಿ.

ನಿಮ್ಮ ಜಗಲಿಗೆ ಬರುವ ಗಿರಾಕಿಗಳ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ರವಿಕೆಯ ಅಳತೆ ಕೊಡುತ್ತ, ಮಕ್ಕಳ ಎದುರಿಗೇ ‘ಇವರು ಎಲ್ಲಿಯವರು, ತಾಯಿ ಯಾರಂತೆ’ ಎಂದು ಕೇಳುವವರು ಇದ್ದೇ ಇರುತ್ತಾರೆ. ‘ನಮ್ಮ ಮಕ್ಕಳು. ಕೈ ಎಷ್ಟುದ್ದ ಇಡಲಿ?’ ಇಷ್ಟೇ ಉತ್ತರ. ಮಗಳ ಹಿಂದಿನ ಕಥೆ ಅವಳ ಸೊತ್ತು, ಗಿರಾಕಿಗೆ ಹಂಚುವುದಲ್ಲ. ಅವಳ ಕಿವಿ ಅತ್ತಲೇ ಇರುತ್ತದೆ ಎಂದು ತಿಳಿದುಕೊಳ್ಳಿ.

ಒಕ್ಕದ ಪ್ರಶ್ನೆಗೆ ಕಾನೂನಿನ ಉತ್ತರ ಚಿಕ್ಕದು. ಬಾಲನ್ಯಾಯ ಕಾಯ್ದೆ 2015ರ 63ನೇ ಕಲಂ ಪ್ರಕಾರ, ದತ್ತು ಆದೇಶ ಜಾರಿಯಾದ ದಿನದಿಂದ ಆ ಮಗು ಎಲ್ಲ ಉದ್ದೇಶಗಳಿಗೂ ನಿಮಗೆ ಹುಟ್ಟಿದ ಮಗುವೇ. 2022ರ ಸೆಪ್ಟೆಂಬರ್‌ನಿಂದ ಆ ಆದೇಶ ಹೊರಡಿಸುವವರು ಜಿಲ್ಲಾಧಿಕಾರಿಗಳು. ವಂಶಪಾರಂಪರ್ಯವಾಗಿ ಬರುವ ಜಮ್ಮಾ ಜಮೀನಿನ ಲೆಕ್ಕ ಬಂದರೆ ವಕೀಲರೊಡನೆ ಕುಳಿತು ಮಾತನಾಡಿ, ನೆಂಟರೊಡನೆ ಅಲ್ಲ.

ಆದರೆ ಕಲಂ ತೋರಿಸಿ ನೆಂಟರ ಬಾಯಿ ಮುಚ್ಚಿಸಬಹುದೇ ಹೊರತು ಮನಸ್ಸು ಒಲಿಸಲಾಗದು. ಅದಕ್ಕೆ ಮನೆಯ ಹಿರಿಯರು ಬೇಕು, ಅಂದರೆ ನಿಮ್ಮ ಅತ್ತೆಯವರೇ ಬೇಕು. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕೆ ಕಾಯುವ ಈ ಜಿಲ್ಲೆಯಲ್ಲಿ ಅವರಿಗೆ ಕಥೆ ಗೊತ್ತಿಲ್ಲದೆ ಇರುತ್ತದೆಯೇ? ಕಾವೇರಿ ಕವೇರ ಮುನಿಗೆ ಹುಟ್ಟಿದವಳಲ್ಲ. ಬ್ರಹ್ಮನು ಕೊಟ್ಟ ಮಗಳನ್ನು ಮುನಿ ಸಾಕಿದ, ಸಾಕಿದವನ ಹೆಸರಿನಿಂದಲೇ ಅವಳನ್ನು ಇಂದಿಗೂ ಕರೆಯುತ್ತೇವೆ. ಅವಳು ನದಿಯಾಗಿ ಹರಿದು ಬಂದ ರಭಸಕ್ಕೆ ಬಲಮುರಿಯಲ್ಲಿ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತು, ಅಂದಿನಿಂದ ಕೊಡಗಿನ ಸೀರೆಗೆ ಹಿಂದೆಯೇ ನೆರಿಗೆ ಎನ್ನುತ್ತದೆ ಐತಿಹ್ಯ. ಸೀರೆ ಉಡಿಸುವಾಗ ಈ ಕಥೆಯನ್ನು ಮೊಮ್ಮಗಳಿಗೆ ಅತ್ತೆಯವರೇ ಹೇಳಲಿ. ಒಂದೇ ಮಾತು, ‘ಸಾಕಿದವರ ಋಣ ಮರೆಯಬಾರದು’ ಎಂಬ ನೀತಿಯನ್ನು ಕೊನೆಗೆ ಅಂಟಿಸುವುದು ಬೇಡ. ಕಾವೇರಿ ಕೂಡ ಮುನಿಯ ಆಶ್ರಮದಲ್ಲೇ ಕುಳಿತು ಋಣ ತೀರಿಸಲಿಲ್ಲ.

ಪುತ್ತರಿಯ ಉಡುಪನ್ನು ಧೈರ್ಯವಾಗಿ ಹೊಲಿಯಿರಿ. ಕುಪ್ಯ ಬೆಳೆಯುವ ಹುಡುಗನಿಗೆ ಹೇಳಿ ಮಾಡಿಸಿದ ಉಡುಪು. ಮುಂದಿನ ಮಗ್ಗುಲುಗಳನ್ನು ಒಂದರ ಮೇಲೊಂದು ತಂದು ಸೊಂಟಪಟ್ಟಿಯಾದ ಚೇಲೆಯಿಂದ ಬಿಗಿಯುವುದರಿಂದ ಅಗಲ ಹೆಚ್ಚು ಕಡಿಮೆ ಆದರೂ ನಡೆಯುತ್ತದೆ, ಉದ್ದಕ್ಕೆ ಮಾತ್ರ ಕೆಳಗೆ ಮಡಿಕೆ ಬಿಡಿ. ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಈ ವರ್ಷಕ್ಕೆ ರಟ್ಟಿನದೇ ಸಾಕು. ಮಗಳಿಗೆ ಪೂರ್ತಿ ಸೀರೆ ಭಾರವಾಗುತ್ತದೆ. ಮೂರು ಗಜದ ಹಗುರವಾದ ಬಟ್ಟೆ ತೆಗೆದುಕೊಂಡು, ಹಿಂದಿನ ನೆರಿಗೆಗಳನ್ನು ಸೊಂಟದ ಇಲಾಸ್ಟಿಕ್ ಪಟ್ಟಿಗೇ ಹೊಲಿದುಬಿಟ್ಟರೆ ಪಿನ್ನಿನ ಕಾಟವಿಲ್ಲ, ಸೆರಗನ್ನು ಎಡಗಂಕುಳ ಕೆಳಗಿನಿಂದ ತಂದು ಬಲ ಭುಜದ ಮೇಲೆ ಒಂದು ಪ್ರೆಸ್ ಗುಂಡಿಯಿಂದ ನಿಲ್ಲಿಸಬಹುದು. ಹಬ್ಬಕ್ಕೆ ಒಂದು ವಾರ ಮೊದಲೇ ಮನೆಯಲ್ಲಿ ಉಟ್ಟು ಆಡಲಿ, ಮಣ್ಣಾದರೆ ಆಗಲಿ. ಹಬ್ಬದ ದಿನ ಎಲ್ಲಿಗೆ ಹೋಗುತ್ತೇವೆ, ಯಾರ್ಯಾರು ಇರುತ್ತಾರೆ, ಯಾವಾಗ ಮನೆಗೆ ಮರಳುತ್ತೇವೆ ಎಂಬುದನ್ನು ಉಡಿಸುವ ಮೊದಲೇ ಹೇಳಿ. ಕದಿರು ತೆಗೆಯುವಾಗ ಅವಳು ಫ್ರಾಕಿನ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಬರುತ್ತೇನೆಂದರೆ ಬರಲಿ. ಫೋಟೊದಲ್ಲಿ ಚೀಲ ಕಾಣುತ್ತದೆಂದು ಯಾರಾದರೂ ತೆಗೆಸಲು ಹೋದರೆ ನೀವು ಅಡ್ಡ ನಿಲ್ಲಿ.

ಹಾಗಾದರೆ ಹುಟ್ಟುಹಬ್ಬಕ್ಕೆ ಏನು ಕೊಡಲಿ ಎನ್ನುತ್ತೀರಾ? ಅವಳ ಹೆಸರು ಕಸೂತಿ ಮಾಡಿದ ಒಂದು ಹೊಲಿಗೆ ಪೆಟ್ಟಿಗೆ ಕೊಡಿ. ಒಳಗೆ ಅವಳದೇ ಟೇಪು, ಮೊಂಡು ಸೂಜಿ, ನಾಲ್ಕು ಬಣ್ಣದ ದಾರ, ಒಂದಷ್ಟು ಗುಂಡಿಗಳಿರಲಿ. ಅದನ್ನೂ ಒಂದು ದಿನ ಮುಂಚೆಯೇ ತೋರಿಸಿಬಿಡಿ.